ಅಳುವ ಮನೆಯಲ್ಲಿ ನಗಬಹುದೋ?



ಮರಣವು ಒಂದು ಮನೆಯನ್ನು ಹೊಕ್ಕು ಹೊರಟ ಮೇಲೆ ಆ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಅನೇಕ. ಅವುಗಳಲ್ಲಿ ಬಾಯಿ ತೆರೆದು ಕೇಳುವ ಪ್ರಶ್ನೆ, ದೇವರು ಹೀಗೆ ಯಾಕೆ ಮಾಡಿದನು ಎಂಬದು. ಆದರೆ ಯಾರೊಡನೆಯೂ ಹೇಳದೆ ಒಳಗೊಳಗೇ ಕೊರೆಯುವ ಇನ್ನೊಂದು ಪ್ರಶ್ನೆಯುಂಟು. ಅದು ಮೊದಲಿನ ದಿವಸಗಳಲ್ಲಿ ಬರುವದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಬರುವದು. ಒಂದು ದಿವಸ ಮನೆಯ ಮಗುವು ತೊದಲು ಮಾತಾಡುವದು, ಇಲ್ಲವೆ ಹಟ್ಟಿಯಲ್ಲಿ ಹಸುವು ಕರು ಹಾಕುವದು, ಇಲ್ಲವೆ ಪೇಟೆಯಿಂದ ಬಂದ ಮೈದುನನು ಏನೋ ತಮಾಷೆ ಹೇಳುವನು. ಗಂಡನನ್ನು ಕಳೆದುಕೊಂಡವಳು ತನಗೆ ತಿಳಿಯದಂತೆಯೇ ನಕ್ಕುಬಿಡುವಳು. ನಕ್ಕ ಕೂಡಲೆ ಎದೆಯಲ್ಲಿ ಮುಳ್ಳು ಮುರಿದಂತಾಗುವದು. 'ನಾನು ಅವರನ್ನು ಮರೆತೆನೋ? ಇಷ್ಟು ಬೇಗ ನಗುವ ನನ್ನ ಪ್ರೀತಿ ಎಂಥ ಪ್ರೀತಿ?' ಎಂದು ತನ್ನನ್ನು ತಾನೇ ಹಳಿದುಕೊಳ್ಳುವಳು. ಜಗಲಿಯಲ್ಲಿ ಕೂತ ನೆರೆಯವಳು ಒಂದು ಕಡೆಗಣ್ಣ ನೋಟ ನೋಡಿದರಂತೂ ಆ ನಗು ಅಲ್ಲಿಯೇ ಸತ್ತುಹೋಗುವದು.

ಸಭೆಯ ಮನೆಗಳನ್ನು ಸಂದರ್ಶಿಸುವ ನಮಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ನೆರಿಯದ ಕಡೆಯ ಮನೆಗಳು ತೋಟದ ನಡುವೆ ದೂರದೂರವಾಗಿವೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಒಂದು ಮನೆಯ ದುಃಖವು ಆ ಮನೆಯೊಳಗೇ ಕಟ್ಟಿಬಿದ್ದಿರುವದು. ಅಂಥ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಏಳುವಾಗ, 'ಉಪದೇಶಿಯವರೇ, ನಾವು ಇನ್ನು ಸಂತೋಷಪಡುವದು ಸರಿಯೋ?' ಎಂದು ಮೆಲ್ಲಗೆ ಕೇಳುವವರುಂಟು. ಹಗುರವಾಗಿ ಉತ್ತರ ಕೊಡಬಾರದ ಪ್ರಶ್ನೆ ಇದು. ಯಾಕಂದರೆ ಕೇಳುವವನು ತನ್ನ ಪ್ರೀತಿಯ ಸತ್ಯತೆಯನ್ನೇ ತಕ್ಕಡಿಯಲ್ಲಿಟ್ಟು ಕೇಳುತ್ತಾನೆ. ಆದದರಿಂದ ಈ ತಿಂಗಳು ನಾವು ಇದನ್ನೇ ವಿಚಾರಿಸೋಣ.

ಮೊದಲು ಎರಡು ತಪ್ಪಾದ ಉತ್ತರಗಳನ್ನು ಬದಿಗೆ ಸರಿಸಬೇಕು.

ಒಂದನೆಯದು, ವಿಶ್ವಾಸಿಯಾದವನು ಅಳಲೇಬಾರದೆಂಬ ಮಾತು. 'ಸತ್ತವನು ಕರ್ತನ ಬಳಿಗೆ ಹೋದನಲ್ಲಾ, ಇನ್ನು ಕಣ್ಣೀರು ಯಾಕೆ?' ಎಂದು ಹೇಳಿ ದುಃಖಿತರ ಬಾಯಿ ಮುಚ್ಚಿಸುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬೇಥಾನ್ಯದಲ್ಲಿ ನಡೆದದ್ದನ್ನು ಮರೆತು ಹೇಳುತ್ತಾರೆ. ಲಾಜರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುವೆನೆಂದು ತಿಳಿದಿದ್ದ ಕರ್ತನು ಸಹ ಮರಿಯಳ ಕಣ್ಣೀರನ್ನು ಕಂಡು ತಾನೂ ಅತ್ತನು. ಪುನರುತ್ಥಾನದ ಕರ್ತನೇ ಸಮಾಧಿಯ ಮುಂದೆ ಅತ್ತ ಮೇಲೆ ಅವನ ಶಿಷ್ಯರ ಕಣ್ಣೀರನ್ನು ಅವಿಶ್ವಾಸವೆಂದು ಕರೆಯುವ ಅಧಿಕಾರ ಯಾರಿಗಿದೆ? ಪೌಲನು ಥೆಸಲೋನಿಕದವರಿಗೆ ಬರೆದಾಗಲೂ ದುಃಖಪಡಲೇಬೇಡಿರಿ ಎನ್ನಲಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬಾರದೆಂದು ಮಾತ್ರ ಬುದ್ಧಿ ಹೇಳಿದನು.

ಎರಡನೆಯದು ಇದಕ್ಕೆ ವಿರೋಧವಾದದ್ದು. ನಿಜವಾಗಿ ಪ್ರೀತಿಸಿದವನು ಇನ್ನು ಎಂದೂ ಸಂತೋಷಪಡಲಾರನು. ಸಂತೋಷಪಟ್ಟರೆ ಅವನು ಪ್ರೀತಿಸಲಿಲ್ಲವೆಂದೇ ಅರ್ಥ, ಎಂಬದು. ಈ ಮಾತು ಹೊರಗೆ ಭಕ್ತಿಯಂತೆ ಕಾಣುವದು. ಆದರೆ ಒಳಗೆ ಏನಿದೆಯೆಂದು ನೋಡಬೇಕು.

ನಮ್ಮ ತುಳುನಾಡಿನ ರೂಢಿಗಳನ್ನು ಎಲ್ಲರೂ ಬಲ್ಲಿರಿ. ಆಟಿ ತಿಂಗಳಲ್ಲಿ ನಮ್ಮ ನೆರೆಹೊರೆಯವರು ತಮ್ಮ ಮನೆಯಲ್ಲಿ ಗತಿಸಿದವರನ್ನು ಹೆಸರು ಹಿಡಿದು ಕರೆದು ಕುಲೆಗಳಿಗೆ ಎಡೆ ಬಡಿಸುತ್ತಾರೆ. ಮದುವೆಯಾಗದೆ ಚಿಕ್ಕಂದಿನಲ್ಲಿ ತೀರಿಹೋದ ಮಕ್ಕಳಿಗೆ, ಬದುಕಿದ್ದರೆ ಪ್ರಾಯಕ್ಕೆ ಬರುತ್ತಿದ್ದ ಕಾಲದಲ್ಲಿ, ಗಂಡುಹೆಣ್ಣು ಗೊತ್ತುಮಾಡಿ ಕುಲೆಮದುವೆ ನಡಿಸುವದೂ ಉಂಟು. ಇದನ್ನು ನೋಡಿ ನಗುವವನು ಕಲ್ಲೆದೆಯವನು. ತೊಟ್ಟಿಲಲ್ಲೇ ಕಳೆದುಹೋದ ಮಗುವಿನ ಪ್ರಾಯವನ್ನು ಇಪ್ಪತ್ತು ವರ್ಷ ತಪ್ಪದೆ ಲೆಕ್ಕವಿಟ್ಟ ತಾಯಿಯ ಮನಸ್ಸು ಅದರಲ್ಲಿದೆ. ಪ್ರೀತಿಯು ಮರಣದೊಂದಿಗೆ ಮುಗಿಯುವದಿಲ್ಲವೆಂಬ ಸತ್ಯವೂ ಅದರಲ್ಲಿದೆ. ಆದರೆ ಅದರೊಂದಿಗೆ ಒಂದು ಭಯವೂ ಸೇರಿಕೊಂಡಿದೆ. ಸತ್ತವರು ಹಸಿದಿದ್ದಾರೆ, ನಾವು ಉಂಡರೆ ಅವರಿಗೆ ಅಸಮಾಧಾನ, ಅವರನ್ನು ಬಿಟ್ಟು ನಾವು ಹಬ್ಬ ಮಾಡಿದರೆ ಮನೆಗೆ ಕೇಡು ಬರುವದು ಎಂಬ ಭಯ.

ಈ ಭಯದಿಂದ ಸುವಾರ್ತೆಯು ನಮ್ಮ ಹಿರಿಯರನ್ನು ಬಿಡಿಸಿತು. ಹೀಗಿರಲಾಗಿ, ಎಡೆ ಬಡಿಸುವದನ್ನು ಬಿಟ್ಟ ನಾವು, ನಮ್ಮ ಸತ್ತವರು ನಮ್ಮ ನಗುವನ್ನು ಕಂಡು ನೊಂದುಕೊಳ್ಳುವರೆಂದು ಇನ್ನೂ ನೆನಸುವದಾದರೆ, ಹಳೆಯ ಭಯವು ಹೊಸ ಅಂಗಿಯನ್ನು ತೊಟ್ಟುಕೊಂಡು ನಮ್ಮ ಮನೆಯೊಳಗೆ ಕೂತಿದೆಯೆಂದೇ ಹೇಳಬೇಕು. ತಾನು ಉಣ್ಣದೆ ಮಕ್ಕಳಿಗೆ ಗಂಜಿ ಬಡಿಸಿದ ತಾಯಿಯನ್ನು ನೆನಸಿಕೊಳ್ಳಿರಿ. ಬದುಕಿದ್ದಾಗ ಮಕ್ಕಳ ನಗುವನ್ನು ನೋಡಿ ತನ್ನ ಹಸಿವನ್ನು ಮರೆತವಳು, ಕರ್ತನ ಸನ್ನಿಧಿಯಲ್ಲಿ ಇರುವಾಗ ಅದೇ ನಗುವನ್ನು ಹೊಟ್ಟೆಕಿಚ್ಚಿನಿಂದ ನೋಡುವಳೋ? ಹಾಗೆ ನೆನಸುವದು ಅವಳಿಗೆ ಗೌರವವಲ್ಲ, ಅಪವಾದ.

ಆದರೂ ಪ್ರಶ್ನೆ ಇಷ್ಟಕ್ಕೆ ಮುಗಿಯಲಿಲ್ಲ. 'ಸಂತೋಷಪಡುವದು ಪಾಪವಲ್ಲವೆಂದು ಒಪ್ಪಿದೆವು. ಆದರೆ ಅದು ಮರೆವು ಅಲ್ಲವೆಂದು ಹೇಗೆ ತಿಳಿಯುವದು?' ಎಂದು ಒಬ್ಬನು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾಕಂದರೆ ಮರೆವಿನಿಂದ ಬರುವ ಸಂತೋಷವೂ ಲೋಕದಲ್ಲಿದೆ. ಕಳ್ಳಿನ ಗಡಂಗಿನಲ್ಲಿ ಅದು ದುಡ್ಡಿಗೆ ಸಿಕ್ಕುವದು. ಸತ್ತವರ ಪಟವನ್ನು ಗೋಡೆಯಿಂದ ತೆಗೆದಿಟ್ಟು, ಅವರ ಹೆಸರನ್ನು ಯಾರೂ ಎತ್ತಬಾರದೆಂದು ಗದರಿಸಿ, ಮನೆಯನ್ನು ಸದ್ದಿನಿಂದ ತುಂಬಿಸಿ ಪಡೆಯುವ ಸಂತೋಷವೂ ಅದೇ ಜಾತಿಯದು. ಹಾಗಾದರೆ ಎರಡನ್ನೂ ವಿಂಗಡಿಸುವ ಗುರುತೇನು?

ನಮಗೆ ತೋಚುವ ಗುರುತು ಒಂದೇ: ಆ ಸಂತೋಷದ ನಡುವೆ ಸತ್ತವರ ಹೆಸರನ್ನು ಹೇಳಬಹುದೋ? ಹೆಸರನ್ನು ಹೇಳಿದ ಕೂಡಲೆ ಕೆಟ್ಟುಹೋಗುವ ಸಂತೋಷವು ಮರೆವಿನ ಸಂತೋಷ. ಹೆಸರನ್ನು ಹೇಳಿದಾಗ ಕಣ್ಣು ತೇವವಾದರೂ ಕೆಡದೆ ನಿಲ್ಲುವ ಸಂತೋಷವು ಪ್ರೀತಿಯಿಂದ ಹುಟ್ಟಿದ ಸಂತೋಷ.

ಸತ್ಯವೇದದಲ್ಲಿ ರೂತಳ ಪುಸ್ತಕವನ್ನು ಈ ಕಣ್ಣಿನಿಂದ ಓದಿ ನೋಡಿರಿ. ನೊವೊಮಿಯು ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮೋವಾಬಿನ ಮಣ್ಣಿಗೆ ಕೊಟ್ಟು ಬೇತ್ಲೆಹೇಮಿಗೆ ಹಿಂತಿರುಗಿದಳು. ಊರಿನ ಹೆಂಗಸರು ಹೆಸರು ಹಿಡಿದು ಕರೆದಾಗ, ಸವಿಯಾದ ಆ ಹೆಸರು ತನಗೆ ಬೇಡವೆಂದೂ, ಕಹಿಯೆಂಬ ಅರ್ಥದ ಮಾರಾ ಎಂಬದೇ ತನಗೆ ತಕ್ಕ ಹೆಸರೆಂದೂ ಹೇಳಿದಳು. ದೇವರ ವಾಕ್ಯವು ಆ ಮಾತನ್ನು ಖಂಡಿಸದೆ ಹಾಗೆಯೇ ಬರೆದಿಟ್ಟಿದೆ. ಅವಳ ಕಹಿಯನ್ನು ಮೆಲ್ಲಮೆಲ್ಲಗೆ ಕಳೆದವಳು ಯಾರು? ಅದೇ ದುಃಖದಲ್ಲಿ ಪಾಲುಗಾರಳಾದ ಸೊಸೆ. ಅತ್ತೆ ಕಳೆದುಕೊಂಡ ಮಗನೇ ರೂತಳು ಕಳೆದುಕೊಂಡ ಗಂಡ. ಕಡೆಯಲ್ಲಿ ಬೋವಜನು ರೂತಳನ್ನು ಮದುವೆಯಾದಾಗ ಊರಬಾಗಿಲಲ್ಲಿ ಎಲ್ಲರ ಮುಂದೆ ಹೇಳಿದ್ದೇನಂದರೆ, ಸತ್ತವನ ಹೆಸರು ಅವನ ಸ್ವಾಸ್ಥ್ಯದಿಂದ ಅಳಿದುಹೋಗಬಾರದು ಎಂಬದೇ. ಹೊಸ ಮನೆಯು ಸತ್ತವನ ಹೆಸರಿನ ಮೇಲೆ ಕಟ್ಟಲ್ಪಟ್ಟಿತು. ಓಬೇದನೆಂಬ ಮಗುವು ನೊವೊಮಿಯ ಮಡಿಲಲ್ಲಿ ಮಲಗಿತು. ಆ ದಿವಸ ಅವಳು ಸಂತೋಷಪಡುವಾಗ ಮಹ್ಲೋನನ ಹೆಸರನ್ನು ಯಾರೂ ಮುಚ್ಚಿಡಬೇಕಾಗಿರಲಿಲ್ಲ.

ಇದು ಬಹು ಹಿಂದಿನ ಕಾಲದ ಮಾತಾಯಿತೆಂದು ಹೇಳುವವರಿಗೆ, ನಮ್ಮ ಘಟ್ಟದ ಮಗಳೊಬ್ಬಳ ಚರಿತ್ರೆಯನ್ನು ನೆನಪುಮಾಡುತ್ತೇವೆ. ನೆರಿಯದ ಹೊಳೆಯು ಹೋಗಿ ಸೇರುವ ನೇತ್ರಾವತಿಯ ಉಗಮವೆಂದು ಹೇಳಲ್ಪಡುವ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಪಂಡಿತಾ ರಮಾಬಾಯಿಯವರು ಹುಟ್ಟಿದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ಹೆಂಗಸರಿಗೂ ಸಂಸ್ಕೃತ ಕಲಿಸಬಹುದೆಂದು ಹಟಹಿಡಿದ ಆ ತಂದೆಯು ಕುಟುಂಬದೊಡನೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಓದುತ್ತಾ ಸಂಚರಿಸುವ ಜೀವನವನ್ನು ಕೈಕೊಂಡರು. 1874ರಿಂದ ಈಚೆಗೆ ಕ್ಷಾಮದ ಕಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಉಳಿದ ಅಣ್ಣನೂ ತಂಗಿಯೂ ನಡೆದೇ ದೇಶವನ್ನು ಸುತ್ತಿ ಕಲ್ಕತ್ತೆಗೆ ಮುಟ್ಟಿದರು. 1880ರಲ್ಲಿ ಅಣ್ಣನೂ ಹೋದನು. ಅದೇ ವರ್ಷ ಬಂಗಾಳದ ವಕೀಲರೊಬ್ಬರೊಡನೆ ಮದುವೆಯಾಯಿತು. 1881ರಲ್ಲಿ ಒಬ್ಬ ಮಗಳು ಹುಟ್ಟಿದಳು. 1882ರಲ್ಲಿ ಗಂಡನು ಕಾಲರಾ ರೋಗದಿಂದ ಸತ್ತನು. ಇಪ್ಪತ್ತನಾಲ್ಕು ವರ್ಷ ತುಂಬುವದಕ್ಕೆ ಮುಂಚೆಯೇ ತಂದೆತಾಯಿ, ಒಡಹುಟ್ಟಿದವರು, ಗಂಡ ಎಲ್ಲರನ್ನೂ ಕಳೆದುಕೊಂಡ ವಿಧವೆಯ ಕೈಯಲ್ಲಿ ಒಂದು ವರ್ಷವೂ ತುಂಬದ ಶಿಶು. ಆ ಶಿಶುವಿನ ಹೆಸರು ಮನೋರಮಾ. ಮನಸ್ಸಿಗೆ ಆನಂದ ಕೊಡುವವಳು ಎಂದು ಅದರ ಅರ್ಥ.

ಹೆಸರನ್ನು ಬದಲಿಸಲು ಕಾರಣ ಬೇಕಾದಷ್ಟಿತ್ತು, ಬದಲಿಸಲಿಲ್ಲ. ದಿನಕ್ಕೆ ಎಷ್ಟು ಸಾರಿ ಮಗುವನ್ನು ಕರೆದರೂ ಅಷ್ಟು ಸಾರಿ ಆ ತಾಯಿಯ ಬಾಯಲ್ಲಿ ಆನಂದವೆಂಬ ಮಾತು ಬಂತು. 1883ರಲ್ಲಿ ಇಂಗ್ಲೆಂಡ್ ದೇಶದಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ರಮಾಬಾಯಿಯವರು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಆಮೇಲೆ ಕ್ಷಾಮವು ಪುನಃ ದೇಶವನ್ನು ಹಿಡಿದಾಗ, ತನ್ನ ಹೆತ್ತವರನ್ನು ನುಂಗಿದ ಅದೇ ಹಸಿವಿನ ಬಾಯಿಂದ ನೂರಾರು ಹುಡುಗಿಯರನ್ನು ಬಿಡಿಸಿ ತಂದು ಪುಣೆಯ ಬಳಿಯ ಕೆಡಗಾಂವದಲ್ಲಿ ಸಾಕಿದರು. ಆ ಮನೆಗೆ ಮುಕ್ತಿ ಎಂದು ಹೆಸರು. ಸತ್ತವರನ್ನು ಮರೆತವಳು ಈ ಕೆಲಸವನ್ನು ಮಾಡುತ್ತಿರಲಿಲ್ಲ. ಹಸಿದು ಸತ್ತ ತಾಯಿಯ ನೆನಪೇ ಹಸಿದು ಬಂದ ಮಕ್ಕಳಿಗೆ ಅನ್ನವಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. 1921ನೆಯ ಇಸವಿಯ ಜುಲೈ ತಿಂಗಳಲ್ಲಿ ಆ ಮನೋರಮೆಯೂ ತಾಯಿಗಿಂತ ಮುಂಚೆ ತೀರಿಕೊಂಡಳು. ವಿಶ್ವಾಸವು ದೇವರೊಡನೆ ಮಾಡಿಕೊಳ್ಳುವ ವ್ಯಾಪಾರವಲ್ಲ. ಒಂದು ಸಾರಿ ಅತ್ತವನು ಇನ್ನು ಅಳಬೇಕಾಗಿಲ್ಲವೆಂಬ ವಾಗ್ದಾನ ಭೂಮಿಯ ಮೇಲೆ ಯಾರಿಗೂ ಇಲ್ಲ. ಮುದಿಯಾದ ತಾಯಿಯು ಸತ್ಯವೇದವನ್ನು ಮರಾಠಿಗೆ ತಿರುಗಿಸುವ ಕೆಲಸವನ್ನು ಕೊನೆಯವರೆಗೂ ಬಿಡದೆ ನಡಿಸಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಮಗಳೆಂಬ ಸಂತೋಷವನ್ನು ಮರಣವು ತೆಗೆದುಕೊಂಡಿತು. ಪ್ರೀತಿಸುವ ಶಕ್ತಿಯನ್ನು ಅದು ತೆಗೆಯಲಾರದೆ ಹೋಯಿತು.

ರಮಾಬಾಯಿಯವರ ವಿಷಯ ಬಂದಾಗ ನಮ್ಮ ಸಭೆಗಳಲ್ಲಿ ನಡೆಯುವ ಒಂದು ಅನ್ಯಾಯವನ್ನೂ ಹೇಳದೆ ಇರಲಾರೆವು. ಕನ್ನಡದ ಮಹಾ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದ ಫರ್ಡಿನಾಂಡ್ ಕಿಟ್ಟೆಲರನ್ನು ನಾವೆಲ್ಲರೂ ಬಲ್ಲೆವು. 1860ರಲ್ಲಿ ಅವರಿಗೆ ಮದುವೆಯಾಯಿತು. 1864ರಲ್ಲಿ ಪತ್ನಿ ಪೌಲೀನಮ್ಮನವರು ತೀರಿಹೋದರು. 1867ರಲ್ಲಿ ಅವರ ತಂಗಿಯನ್ನೇ ಕಿಟ್ಟೆಲರು ವರಿಸಿದರು. ಇದನ್ನು ಯಾರೂ ತಪ್ಪೆನ್ನಲಿಲ್ಲ, ತಪ್ಪೂ ಅಲ್ಲ. ಆದರೆ ನಮ್ಮ ಊರಿನ ಒಬ್ಬ ವಿಧವೆಯು ಕ್ರಿಸ್ಮಸ್ ಹಬ್ಬಕ್ಕೆ ಬಣ್ಣದ ಸೀರೆ ಉಟ್ಟರೆ, ಇಲ್ಲವೆ ಮಗಳ ಮದುವೆಯಲ್ಲಿ ಮುಂದಾಗಿ ನಿಂತು ನಕ್ಕರೆ, ಪಿಸುಮಾತು ಏಳುವದು. ವಿಧವೆಯರ ಪುನರ್ವಿವಾಹಕ್ಕೆ ಸರಕಾರದ ಕಾಯಿದೆಯು 1856ರಲ್ಲೇ ದಾರಿ ತೆರೆಯಿತು. ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯು ಅದಕ್ಕೆ ಎಷ್ಟೋ ಮುಂಚೆ ತೆರೆದಿತ್ತು. ಗಂಡಸಿನ ಸಂತೋಷಕ್ಕೆ ಒಂದು ಸೇರು, ಹೆಂಗಸಿನ ಸಂತೋಷಕ್ಕೆ ಇನ್ನೊಂದು ಸೇರು ಇಟ್ಟು ಅಳೆಯುವವನು ಕಳ್ಳ ಅಳತೆಯವನೇ. ಸತ್ತವರ ಮೇಲಿನ ಪ್ರೀತಿಯ ಹೆಸರಿನಲ್ಲಿ ಬದುಕಿರುವವಳನ್ನು ಹೂಳಬಾರದು.

ಇನ್ನು ಕುಟುಂಬದ ಮಾತು. ಶಿಲುಬೆಯ ಮೇಲೆ ತೂಗುತ್ತಿದ್ದ ಕರ್ತನು ತನ್ನ ತಾಯಿಯನ್ನು ಪ್ರಿಯ ಶಿಷ್ಯನಿಗೂ ಶಿಷ್ಯನನ್ನು ತಾಯಿಗೂ ಒಪ್ಪಿಸಿಕೊಟ್ಟನು. ದುಃಖವು ತೀರಿದ ಮೇಲೆ ನೋಡೋಣವೆನ್ನದೆ, ದುಃಖದ ಗಳಿಗೆಯಲ್ಲಿಯೇ ಹೊಸ ಮನೆಯನ್ನು ಕೂಡಿಸಿದನು. ಆ ಶಿಷ್ಯನು ಮರಿಯಳಿಗೆ ಯೇಸುವಿನ ಬದಲಿಯಾಗಲಿಲ್ಲ, ಆಗಲೂ ಆರನು. ಒಬ್ಬನನ್ನೇ ನೆನಸಿ ಅಳುವ ಇಬ್ಬರು ಒಂದೇ ಸೂರಿನ ಕೆಳಗೆ ಬಂದರು, ಅಷ್ಟೇ. ನಮ್ಮ ನೆರಿಯ ಗ್ರಾಮದ ಗಂಡಿಬಾಗಿಲಿನ ಸಿಯೋನ್ ಆಶ್ರಮದಲ್ಲಿ ತಮ್ಮವರೆಂಬವರಿಲ್ಲದ ಅನಾಥರೂ ಮನೋರೋಗಿಗಳೂ ಆಶ್ರಯ ಹೊಂದಿ ಒಟ್ಟಿಗೆ ವಾಸಿಸುತ್ತಾರೆ. ರಕ್ತಸಂಬಂಧವಿಲ್ಲದವರೂ ಒಂದು ಒಲೆಯ ಅನ್ನ ಉಣ್ಣಬಹುದೆಂಬದಕ್ಕೆ ನಾವು ದೂರ ಹೋಗಿ ಸಾಕ್ಷಿ ಹುಡುಕಬೇಕಾಗಿಲ್ಲ.

ತೋಟದ ಕೆಲಸ ಬಲ್ಲವರಿಗೆ ಇನ್ನೊಂದು ಮಾತು. 2019ನೆಯ ಇಸವಿಯ ಆಗಸ್ಟ್ ತಿಂಗಳಿನ ಮಹಾಮಳೆಯಲ್ಲಿ ಚಾರ್ಮಾಡಿ, ನೆರಿಯ ಮೊದಲಾದ ಗ್ರಾಮಗಳ ಹೊಳೆಗಳು ಉಕ್ಕಿಹರಿದು, ಅಡಿಕೆ ತೋಟಗಳ ಮೇಲೆ ಮರಳೂ ಕೆಸರೂ ಮರದ ದಿಮ್ಮಿಗಳೂ ಬಂದು ಬಿದ್ದದ್ದನ್ನು ಕಂಡಿದ್ದೇವೆ. ಅಡಿಕೆಯ ಸಸಿಯು ಫಸಲು ಕೊಡುವದಕ್ಕೆ ಐದಾರು ವರ್ಷವಾದರೂ ಬೇಕು. ಮುರಿದುಬಿದ್ದ ಮರವು ಎದ್ದು ನಿಲ್ಲದೆಂದು ಬಲ್ಲವನೇ ಅದರ ಬಳಿಯಲ್ಲಿ ಹೊಸ ಸಸಿಯನ್ನು ನೆಡುತ್ತಾನೆ. ಅದು ಹಳೆಯ ಮರಕ್ಕೆ ಮಾಡಿದ ದ್ರೋಹವೆಂದು ಯಾರೂ ಹೇಳಲಿಲ್ಲ.

ಹೀಗಿರುವದರಿಂದ ಸಭೆಯವರು ಮಾಡಬೇಕಾದ ಕೆಲವು ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದು, ಮನೆಯಲ್ಲಿ ಅಗಲಿದವರ ಹೆಸರನ್ನು ಹೇಳಿರಿ. ಮೀನುಸಾರು ಚೆನ್ನಾದ ದಿವಸ, 'ಇದು ಅಪ್ಪನಿಗೆ ಬಹಳ ಇಷ್ಟವಾಗಿತ್ತು' ಎಂದು ಮಕ್ಕಳ ಮುಂದೆ ಹೇಳಿರಿ. ಸಂಜೆಯ ಪ್ರಾರ್ಥನೆಯಲ್ಲಿ ಅವರ ಜೀವಿತಕ್ಕಾಗಿ ಸ್ತೋತ್ರಮಾಡಿರಿ. ಹೆಸರನ್ನು ಹೆದರದೆ ಹೇಳುವ ಮನೆಯ ಮಕ್ಕಳು ನಗುವದಕ್ಕೂ ಹೆದರುವದಿಲ್ಲ.

ಎರಡನೆಯದು, ಬೇರೆಯವರ ದುಃಖಕ್ಕೆ ಗಡುವು ಹಾಕಬೇಡಿರಿ. ಸಂತೋಷವು ಆಜ್ಞೆಯಿಂದ ಬರತಕ್ಕದ್ದಲ್ಲ. ಒಬ್ಬಳಿಗೆ ಆರು ತಿಂಗಳಲ್ಲಿ ಬಂದ ಸಮಾಧಾನವು ಇನ್ನೊಬ್ಬಳಿಗೆ ಆರು ವರ್ಷವಾದರೂ ಬಾರದೆ ಇರಬಹುದು. ಅವಳು ವಿಶ್ವಾಸದಲ್ಲಿ ಹಿಂದೆ ಬಿದ್ದವಳಲ್ಲ. ಹೊರೆ ಭಾರವಾದದರಿಂದ ಮೆಲ್ಲಗೆ ನಡೆಯುವವಳು. ಅವಳೊಡನೆ ಮೆಲ್ಲಗೆ ನಡೆಯಿರಿ.

ಮೂರನೆಯದು, ನಾಲ್ಕನೆಯ ತಿಂಗಳಲ್ಲಿ ಭೇಟಿಗೆ ಹೋಗಿರಿ. ಹೂಣುವ ದಿವಸ ಊರೆಲ್ಲಾ ಬರುವದು. ಅಕ್ಕಿ ಬರುವದು, ತೆಂಗಿನಕಾಯಿ ಬರುವದು, ಅಡಿಗೆಗೆ ನಾಲ್ಕು ಕೈ ಬರುವವು. ಆಮೇಲೆ ಅಂಗಳವು ಬರಿದಾಗುವದು. ನಾವು ಹೇಳಿದ ಆ ಒಳಗಿನ ಪ್ರಶ್ನೆಯು ಏಳುವದು ಆ ಬರಿದಾದ ದಿನಗಳಲ್ಲಿಯೇ. ಆಗ ಹೋಗಿ ಜಗಲಿಯಲ್ಲಿ ಕೂತು ವೀಳ್ಯ ಹಾಕಿಕೊಂಡು ಬೆಳೆಯ ಮಾತು ಮಾತಾಡಿದರೂ ಸಾಕು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಈ ನಾಡಿನ ಮನೆಗಳಲ್ಲಿ ಹಾಲೆಮರದ ತೊಗಟೆಯ ಕಷಾಯವನ್ನು ಬರೀ ಹೊಟ್ಟೆಯಲ್ಲಿ ಕುಡಿಯುವದುಂಟು. ನಾಲಿಗೆ ತಾಳದಷ್ಟು ಕಹಿ ಅದು. ಅದರ ಹಿಂದೆ ಮೆಂತೆಯ ಗಂಜಿಯನ್ನು ಉಣ್ಣಲು ಕೊಡುತ್ತಾರೆ. ಗಂಜಿ ಉಂಡವನು ಕಷಾಯ ಕುಡಿಯಲೇ ಇಲ್ಲವೆಂದು ಯಾರೂ ಹೇಳರು. ಕಹಿಯೂ ಒಳಗೆ ಇದೆ, ಗಂಜಿಯೂ ಒಳಗೆ ಇದೆ, ಎರಡೂ ಒಂದೇ ದೇಹಕ್ಕೆ ಸೇರುತ್ತವೆ.

ಸೆರೆಯಿಂದ ಹಿಂತಿರುಗಿದ ಇಸ್ರಾಯೇಲ್ಯರು ಯೆರೂಸಲೇಮಿನಲ್ಲಿ ದೇವಾಲಯಕ್ಕೆ ಪುನಃ ಅಸ್ತಿವಾರ ಹಾಕಿದ ದಿವಸ ನಡೆದದ್ದನ್ನು ಎಜ್ರನ ಪುಸ್ತಕವು ತಿಳಿಸುತ್ತದೆ. ಮೊದಲಿನ ಆಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಅದನ್ನು ಕಾಣದ ಯೌವನಸ್ಥರು ಹರ್ಷದಿಂದ ಆರ್ಭಟಿಸಿದರು. ದೂರದಿಂದ ಕೇಳಿದವರಿಗೆ ಅಳುವಿನ ಧ್ವನಿ ಯಾವದು, ಹರ್ಷದ ಧ್ವನಿ ಯಾವದೆಂದು ತಿಳಿಯದೆ ಹೋಯಿತು. ಅಳುವವರನ್ನು ಯಾರೂ ಹೊರಗೆ ಕಳುಹಿಸಲಿಲ್ಲ. ಆರ್ಭಟಿಸುವವರ ಬಾಯನ್ನೂ ಯಾರೂ ಮುಚ್ಚಲಿಲ್ಲ. ಎರಡು ಧ್ವನಿಯೂ ಒಂದೇ ಅಸ್ತಿವಾರದ ಮೇಲಿಂದ ಒಂದೇ ದೇವರ ಕಡೆಗೆ ಏರಿದವು.

ಸಹೋದರ ಸಹೋದರಿಯರೇ, ನಿಮ್ಮ ಮನೆಯಿಂದಲೂ ಈ ಎರಡು ಧ್ವನಿಗಳು ಒಟ್ಟಿಗೆ ಏರಲಿ. ಮೊಮ್ಮಗುವಿನ ನಗುವಿಗೆ ನಿಮ್ಮ ನಗುವನ್ನು ಕೂಡಿಸಿರಿ. ಆ ಮಗುವಿಗೆ ಅದರ ಅಜ್ಜನ ಹೆಸರನ್ನು ಹೇಳಿಕೊಡಿರಿ. ಸಮಾಧಾನದ ಕರ್ತನು ದುಃಖದಲ್ಲಿರುವ ಪ್ರತಿಯೊಂದು ಮನೆಯೊಂದಿಗೆ ಇರಲಿ. ಆಮೆನ್.